ಬೆನ್ನು ನೆಟ್ಟಗೆ ಮಾಡಿಕೊಡುವವರ ನಡುವೆ ಹದಿನಾಲ್ಕು ತಿಂಗಳು

ಮೈಸೂರಿನ ಸರಸ್ವತಿಪುರಂನಲ್ಲಿ, ಹಳೆಯ ಹೆಂಚಿನ ಮನೆಯೊಂದರ ಮುಂಗೋಣೆಯಲ್ಲಿ ನಡೆಯುವ ಸಣ್ಣ ಫಿಸಿಯೋಥೆರಪಿ ಕೇಂದ್ರಕ್ಕೆ ನಾನು ಮೂರೂವರೆ ತಿಂಗಳಲ್ಲಿ ಏಳು ಸಲ ಹೋಗಿ ಬಂದೆ. ಮೊದಲ ಭೇಟಿಗೆ ₹500, ಉಳಿದ ಆರಕ್ಕೆ ತಲಾ ₹400, ಒಟ್ಟು ₹2,900 ಆಯಿತು. ಅದಕ್ಕೆ ಮೊದಲಿನ ಹತ್ತು ತಿಂಗಳಲ್ಲಿ ಒಂದು ಬೆಲ್ಟಿಗೆ, ಭಂಗಿ ತಿದ್ದುತ್ತೇವೆನ್ನುವ ಒಂದು ‘ಪೋಶ್ಚರ್ ಕರೆಕ್ಷನ್’ ಪ್ಯಾಕೇಜಿಗೆ ಮತ್ತು ಒಂದು ಯೋಗ ತರಗತಿಗೆ ನಾನು ಕೊಟ್ಟ ಹಣ ಇದರ ಹೆಚ್ಚುಕಡಿಮೆ ಎಂಟರಷ್ಟು. ಕತ್ತಿನ ನೋವು ಇಳಿದದ್ದು ಮಾತ್ರ ಈ ಕೊನೆಯ ₹2,900ರಲ್ಲಿ. ಅಗ್ಗವಾದದ್ದೇ ಒಳ್ಳೆಯದು ಎಂದು ಹೇಳಲು ಈ ಲೆಕ್ಕ ಕೊಡುತ್ತಿಲ್ಲ. ಹೆಚ್ಚು ದುಡ್ಡು ಕೇಳಿದವರು ನನ್ನನ್ನು ಪ್ರಶ್ನೆ ಕೇಳಿದ್ದು ಕಡಿಮೆ, ಕಡಿಮೆ ದುಡ್ಡು ಪಡೆದವರು ಮುಟ್ಟುವ ಮೊದಲೇ ಅರ್ಧ ಗಂಟೆ ಪ್ರಶ್ನೆ ಕೇಳಿದರು ಎಂಬುದನ್ನು ತಿಳಿಸುವುದಕ್ಕಾಗಿ ಕೊಟ್ಟಿದ್ದೇನೆ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಮಂಡ್ಯದಲ್ಲೋ ನಂಜನಗೂಡಿನಲ್ಲೋ ಇರುವವರಿಗೆ ಈ ಒಂದು ವಿಳಾಸಕ್ಕಿಂತ, ತಮ್ಮ ಊರಿನಲ್ಲಿ ಇಂಥವರನ್ನು ಗುರುತಿಸುವುದು ಹೇಗೆ ಎಂಬುದೇ ಹೆಚ್ಚು ಬೇಕಾದೀತು.

ನನ್ನ ಕಸುಬನ್ನು ಹೇಳದೆ ಬೆನ್ನಿನ ಕಥೆ ಅರ್ಥವಾಗುವುದಿಲ್ಲ. ಮುದ್ರಣಾಲಯವೊಂದರಲ್ಲಿ 22 ವರ್ಷಗಳಿಂದ ಪುಟ ಕಟ್ಟುವ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ, ವಯಸ್ಸು 46. ಕರಡಿನ ಹಾಳೆ ಮೇಜಿನ ಮೇಲೆ ಎಡಕ್ಕೆ, ಕಂಪ್ಯೂಟರ್ ಬಲಕ್ಕೆ, ನಡುವೆ ದಿನಕ್ಕೆ ಸಾವಿರ ಸಲವಾದರೂ ಓಡಾಡುವ ನನ್ನ ಕತ್ತು. ಕನ್ನಡದ ಒತ್ತಕ್ಷರಗಳು ಸರಿಯಾಗಿ ಬಿದ್ದಿವೆಯೇ ಎಂದು ನೋಡುವಾಗ ಮೂಗು ಪರದೆಗೆ ತಾಗುವಷ್ಟು ಮುಂದಕ್ಕೆ ಹೋಗುತ್ತದೆ. ಒತ್ತು ಸರಿಯಿದ್ದರೂ ಮೂಗು ಹಿಂದಕ್ಕೆ ಬರುವುದಿಲ್ಲ. ಬಂಧುಗಳ ಮದುವೆಯ ಆಲ್ಬಮ್ಮಿನಲ್ಲಿ ಯಾರೋ ಪಕ್ಕದಿಂದ ತೆಗೆದ ನನ್ನ ಫೋಟೋ ನೋಡಿದಾಗ, ತೀರಿಹೋದ ನಮ್ಮ ತಂದೆ ಊಟದ ಪಂಕ್ತಿಯಲ್ಲಿ ನಿಂತಿದ್ದಾರೆಂದು ಅರೆಕ್ಷಣ ಅನ್ನಿಸಿತು. ಅಷ್ಟು ಹೊತ್ತಿಗೆ ಬಲ ಭುಜದ ಹಲಗೆಮೂಳೆಯ ಒಳ ಅಂಚಿನಲ್ಲಿ ಸಂಜೆಯ ವೇಳೆ ಉರಿ ಬರಲು ಶುರುವಾಗಿ ಆರು ತಿಂಗಳಾಗಿತ್ತು, ಬಲಗೈ ಹೆಬ್ಬೆರಳು ಮತ್ತು ತೋರುಬೆರಳುಗಳಲ್ಲಿ ಆಗಾಗ ಜೋಮು ಹಿಡಿಯುತ್ತಿತ್ತು.

ಬೆಲ್ಟಿನ ವಿಷಯ ಬೇಗ ಮುಗಿಯುತ್ತದೆ. ಆನ್‌ಲೈನ್‌ನಲ್ಲಿ ₹899ಕ್ಕೆ ತರಿಸಿದೆ. ಎರಡೂ ಕಂಕುಳ ಕೆಳಗಿನಿಂದ ಹಾದು ಬೆನ್ನ ಮೇಲೆ ಕತ್ತರಿಯಾಗುವ ಎರಡು ಪಟ್ಟಿಗಳು ಭುಜವನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ. ಹಾಕಿಕೊಂಡಿರುವಷ್ಟು ಹೊತ್ತು ಶಾಲೆಯ ಕವಾಯತಿನಲ್ಲಿ ನಿಂತ ಹುಡುಗನಂತೆ ಕಾಣುತ್ತಿದ್ದೆ, ಬಿಚ್ಚಿದ ಹತ್ತು ನಿಮಿಷಕ್ಕೆ ಮೊದಲಿನಂತೆ. ಅದು ನೆನಪಿಸುವ ಸಾಧನವೇ ಹೊರತು ಬಲ ಕೊಡುವ ಸಾಧನವಲ್ಲ. ಭುಜವನ್ನು ಹಿಡಿದಿಡುವ ಕೆಲಸವನ್ನು ಪಟ್ಟಿಯೇ ಮಾಡುವಾಗ ಸ್ನಾಯುಗಳಿಗೆ ಮಾಡಲು ಉಳಿಯುವುದೇನು? ಬಿಗಿ ಮಾಡಿ ಮೂರು ಗಂಟೆ ಕಟ್ಟಿಕೊಂಡ ದಿನ ಕಂಕುಳಲ್ಲಿ ಕೆಂಪು ಬರೆ ಎದ್ದು, ಬೆರಳಿನ ಜೋಮು ಅಂಗೈವರೆಗೆ ಇಳಿಯಿತು. ಅದನ್ನು ಅಂದೇ ಬಿಚ್ಚಿಟ್ಟೆ. ದಿನಕ್ಕೆ ಇಪ್ಪತ್ತು ನಿಮಿಷ ಹಾಕಿಕೊಂಡು ಬಾಗುವ ಅಭ್ಯಾಸದ ಮೇಲೆ ಗಮನ ಇಡುವವರಿಗೆ ಅದರಿಂದ ಹೇಳಿಕೊಳ್ಳುವ ಕೇಡೇನೂ ಇರಲಾರದು, ಹೇಳಿಕೊಳ್ಳುವ ಲಾಭವೂ ನನಗೆ ಕಾಣಲಿಲ್ಲ.

ಎರಡನೆಯದು ಬೆನ್ನಿಗೂ ಜೇಬಿಗೂ ಭಾರವಾದ ಅನುಭವ. ನಗರದ ಹೊಸ ಬಡಾವಣೆಯೊಂದರಲ್ಲಿ, ಗಾಜಿನ ಬಾಗಿಲು ಮತ್ತು ಎ.ಸಿ. ಇದ್ದ ಒಂದು ಕೇಂದ್ರ. ಗೋಡೆಯ ತುಂಬ ‘ಮೊದಲು’ ಮತ್ತು ‘ನಂತರ’ದ ಫೋಟೋಗಳು. ನನ್ನನ್ನು ಚೌಕುಳಿ ಗೆರೆಗಳಿದ್ದ ಪರದೆಯ ಮುಂದೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು; ಆ್ಯಪ್ ಒಂದು ಕಿವಿ, ಭುಜ, ಸೊಂಟಗಳ ಮೇಲೆ ಕೆಂಪು ಚುಕ್ಕೆ ಇಟ್ಟು ಗೆರೆ ಎಳೆಯಿತು. ‘ನಿಮ್ಮ ಕತ್ತಿನ ಮೇಲೆ ಈಗ 27 ಕೆ.ಜಿ. ಭಾರ ಇದೆ ಸರ್, ಹೀಗೇ ಬಿಟ್ಟರೆ ಐದು ವರ್ಷದಲ್ಲಿ ಆಪರೇಷನ್’ ಎಂದು ಅಲ್ಲಿದ್ದವರು ಹೇಳಿದಾಗ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. 24 ಸಿಟ್ಟಿಂಗಿನ ಪ್ಯಾಕೇಜಿಗೆ ₹18,000, ಪೂರ್ತಿ ಮುಂಗಡ.

ಆ 27 ಕೆ.ಜಿ.ಯ ಮೂಲವನ್ನು ಆಮೇಲೆ ಹುಡುಕಿ ಓದಿದೆ. ಅದು 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯರೊಬ್ಬರು ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ ಸಂಖ್ಯೆ: ತಲೆ 60 ಡಿಗ್ರಿಯಷ್ಟು ಮುಂದಕ್ಕೆ ಬಾಗಿದಾಗ ಕತ್ತಿನ ಮೇಲೆ ಬೀಳುವ ಬಲ ಸುಮಾರು 60 ಪೌಂಡ್, ಅಂದರೆ 27 ಕೆ.ಜಿ. ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆ ಐದು ಕೆ.ಜಿ.; ಬಾಗಿದಷ್ಟೂ ಅದನ್ನು ತಡೆದು ಹಿಡಿಯಲು ಸ್ನಾಯುಗಳು ಹೆಚ್ಚು ಎಳೆಯಬೇಕಾಗುತ್ತದೆ ಎಂಬಲ್ಲಿಯವರೆಗೆ ಮಾತು ಸರಿ. ಆದರೆ ಅದು ಬದುಕಿರುವ ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ, ಅಷ್ಟು ಬಲ ಬಿದ್ದ ಕತ್ತು ಕೆಡುತ್ತದೆ ಎಂದು ಆ ಲೆಕ್ಕ ತೋರಿಸುವುದೂ ಇಲ್ಲ. 60 ಡಿಗ್ರಿ ಎಂದರೆ ಗದ್ದ ಎದೆಗೆ ಹತ್ತಿರವಾಗುವಷ್ಟು. ನಾನು ನಿಂತದ್ದು ಹಾಗಲ್ಲ. ಹೂ ಕಟ್ಟುವವರು, ಹೊಲಿಗೆಯವರು, ನಾಟಿ ಹಾಕುವವರು ಜೀವಮಾನವಿಡೀ ಹಾಗೆಯೇ ಬಾಗುತ್ತಾರೆ. ಅವರಿಗೆ ನೋವಿಲ್ಲವೆಂದಲ್ಲ, ಆದರೆ ಎಲ್ಲರಿಗೂ ಐದು ವರ್ಷಕ್ಕೆ ಆಪರೇಷನ್ ಆಗಿದ್ದರೆ ಕೆ.ಆರ್. ಆಸ್ಪತ್ರೆಯ ಸಾಲು ದೇವರಾಜ ಮಾರುಕಟ್ಟೆಯವರೆಗೆ ಬರಬೇಕಿತ್ತು.

ಅಲ್ಲಿ ಒಂಬತ್ತು ಸಿಟ್ಟಿಂಗ್ ಮುಗಿಸಿದೆ. ಪ್ರತಿ ಸಲವೂ ಇಪ್ಪತ್ತು ನಿಮಿಷ ಕರೆಂಟ್ ಕೊಡುವುದು, ಹತ್ತು ನಿಮಿಷ ಶಾಖ, ಕೊನೆಯಲ್ಲಿ ಬೆನ್ನಿನ ಮೇಲೆ ಒಂದು ಯಂತ್ರ ಓಡಿಸುವುದು. ಆ ಹೊತ್ತಿಗೆ ಹಿತವಾಗುತ್ತಿತ್ತು, ಮನೆ ಸೇರುವಷ್ಟರಲ್ಲಿ ಆರುತ್ತಿತ್ತು. ನಾನು ಮಾಡಬೇಕಾದ್ದೇನು ಎಂದು ಕೇಳಿದರೆ ‘ನೆಟ್ಟಗೆ ಕೂತ್ಕೊಳ್ಳಿ ಸರ್’ ಎಂಬ ಒಂದೇ ಉತ್ತರ. ಹತ್ತನೆಯ ದಿನ ಹೊಸ ಹುಡುಗನೊಬ್ಬ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ‘ಸಡಿಲ ಬಿಡಿ’ ಎಂದ. ಕ್ಷೌರದಂಗಡಿಯಲ್ಲಿ ತಲೆ ಮಾಲೀಶಿನ ಕೊನೆಗೆ ಕತ್ತನ್ನು ಲಟಕ್ಕೆನಿಸುತ್ತಾರಲ್ಲ, ಅದನ್ನೇ ಮಾಡುವವನಿದ್ದ. ಕೈ ತೆಗೆಯಲು ಹೇಳಿದೆ. ‘ಮೂಳೆ ಜಾಗಕ್ಕೆ ಕೂರುತ್ತೆ’ ಎಂದು ಒತ್ತಾಯಿಸಿದ. ಕೀಲಿನಿಂದ ಬರುವ ಆ ಸದ್ದು ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುವಂಥದ್ದು, ಬೆರಳಿನ ನೆಟಿಕೆ ಮುರಿದಾಗ ಬರುವುದೂ ಅದೇ. ಜಾಗ ತಪ್ಪಿದ ಮೂಳೆ ಮರಳಿ ಕೂತ ಸದ್ದಲ್ಲ. ಕತ್ತನ್ನು ಥಟ್ಟನೆ ತಿರುಗಿಸಿದ ನಂತರ ಮಿದುಳಿಗೆ ರಕ್ತ ಒಯ್ಯುವ ಧಮನಿಯ ಒಳಪದರ ಹರಿದು ಪಾರ್ಶ್ವವಾಯುವಾದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಅಪರೂಪ ಎಂಬುದು ನಿಜ, ಆದರೆ ಬೆರಳಲ್ಲಿ ಜೋಮು ಇದೆಯೇ, ರಕ್ತದೊತ್ತಡ ಎಷ್ಟಿದೆ, ತಲೆಸುತ್ತು ಬರುತ್ತದೆಯೇ ಎಂದು ಒಂದು ಮಾತೂ ಕೇಳದವನ ಕೈಗೆ ಆ ಅಪರೂಪವನ್ನು ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ.

ಹೊರಡುವ ಮುನ್ನ ‘ನಂತರ’ದ ಫೋಟೋ ತೆಗೆದರು, ಗದ್ದ ಸ್ವಲ್ಪ ಒಳಕ್ಕೆ, ಎದೆ ಸ್ವಲ್ಪ ಮುಂದಕ್ಕೆ, ಉಸಿರು ಎಳೆದುಕೊಳ್ಳಿ ಎಂದು ಹೇಳಿ. ಹೀಗೆ ನಿಂತರೆ ಯಾರ ಬೆನ್ನಾದರೂ ಒಂದು ಕ್ಷಣ ಸರಿಹೋಗುತ್ತದೆ. ಗೋಡೆಯ ಮೇಲಿದ್ದ ಉಳಿದ ಫೋಟೋಗಳನ್ನು ಆ ಮೇಲೆ ಮತ್ತೊಮ್ಮೆ ನೋಡಿದೆ: ಎಲ್ಲ ‘ನಂತರ’ಗಳ ಎದೆಯೂ ಉಸಿರು ತುಂಬಿ ನಿಂತಿತ್ತು. ಉಳಿದ ಸಿಟ್ಟಿಂಗುಗಳ ಹಣ ಹಿಂದಕ್ಕೆ ಬರಲಿಲ್ಲ, ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆಂದು ಮುದ್ರಿಸಿತ್ತು. ಕರಡು ತಿದ್ದುವ ಮನುಷ್ಯ ಅದನ್ನು ಓದದೆ ಸಹಿ ಹಾಕಿದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ.

ಮೂರನೆಯದು ಯೋಗ. ಮೈಸೂರಿನವನಾಗಿ ಅದಕ್ಕೆ ಮೊದಲು ಹೋಗದೆ ಬೆಲ್ಟಿನ ಹಿಂದೆ ಹೋದದ್ದು ನನಗೇ ನಾಚಿಕೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ಇದು, ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಅವರಲ್ಲಿ ಕಲಿತವರು. ಮುಂದೆ ಅಯ್ಯಂಗಾರರು ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಬಳಸಿ, ಬಾಗಲಾರದ ದೇಹಕ್ಕೂ ಆಸನವನ್ನು ಒಗ್ಗಿಸುವ ಕ್ರಮವನ್ನು ಬೆಳೆಸಿದರು. ಆ ಪರಂಪರೆಯ ಬಲದಿಂದ ಇಂದು ಗೋಕುಲಂನ ಬೀದಿಗಳಲ್ಲಿ ದೇಶವಿದೇಶಗಳ ಕಲಿಕೆಯವರು ಓಡಾಡುತ್ತಾರೆ, ಅದೇ ಬಲದಿಂದ 200 ಗಂಟೆಯ ಸರ್ಟಿಫಿಕೇಟ್ ಹಿಡಿದ ಬೋರ್ಡುಗಳೂ ಎದ್ದಿವೆ. ಆರೋಗ್ಯವಂತರಿಗೆ ಆಸನ ಕಲಿಸಲು 200 ಗಂಟೆ ಸಾಕೇನೋ. ಕೈಗೆ ಜೋಮು ಇಳಿಯುವ ಕತ್ತನ್ನು ಒಪ್ಪಿಸಿಕೊಳ್ಳಲು ಸಾಲದು.

ನಾನು ಸೇರಿದ ತರಗತಿಯ ಮೇಲೆ ಹೇಳುವಂಥ ದೂರು ಇಲ್ಲ, ಒಂದು ಮಿತಿ ಇದೆ. ತಿಂಗಳಿಗೆ ₹1,200, ಬೆಳಗ್ಗೆ ಆರಕ್ಕೆ, ನಲವತ್ತು ಜನ. ಹಿರಿಯ ಗುರುಗಳೊಬ್ಬರು, ಇಬ್ಬರು ಸಹಾಯಕರು. ಮೊದಲೆರಡು ತಿಂಗಳು ಮೈ ಹಗುರವಾಯಿತು, ನಿದ್ದೆ ಚೆನ್ನಾಗಿ ಬಂತು, ತಾಡಾಸನ ಭುಜಂಗಾಸನಗಳಲ್ಲಿ ಬೆನ್ನು ಬಿಚ್ಚಿಕೊಂಡಿತು. ಮೂರನೆಯ ತಿಂಗಳು ಸರ್ವಾಂಗಾಸನ ಶುರುವಾದ ವಾರ, ಮೈಭಾರವೆಲ್ಲ ಭುಜ ಮತ್ತು ಕತ್ತಿನ ಮೇಲೆ ಬಿದ್ದು, ಬಲಗೈ ಮೊಣಕೈವರೆಗೆ ಮಿಂಚು ಹೊಡೆದಂತಾಯಿತು. ಸಹಾಯಕ ಹುಡುಗ ‘ಇನ್ನು ಹತ್ತು ಎಣಿಕೆ, ತಡಕೊಳ್ಳಿ’ ಎಂದ. ಗುರುಗಳು ದೂರದಿಂದಲೇ ನನ್ನ ಮುಖ ನೋಡಿ ಬಂದು ಕಾಲು ಹಿಡಿದು ನಿಧಾನವಾಗಿ ಇಳಿಸಿದರು. ‘ಸ್ವಾಮಿ, ಇದು ನನ್ನ ವಿದ್ಯೆಯ ಕೆಲಸ ಅಲ್ಲ. ತೋರಿಸ್ಕೊಂಡು ಬನ್ನಿ, ಆಮೇಲೆ ನೋಡೋಣ’ ಎಂದರು. ಹದಿನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ನಂಬಿಕಸ್ಥ ಸಲಹೆ ಅದು, ಅದಕ್ಕೆ ಅವರು ಒಂದು ಪೈಸೆ ಪಡೆಯಲಿಲ್ಲ.

ಹಾಗೆ ತೋರಿಸಿದಾಗ ಎಕ್ಸ್‌ರೇಯಲ್ಲಿ ಕತ್ತಿನ ಕೆಳಭಾಗದಲ್ಲಿ ‘ಸವಕಳಿ’ ಕಂಡಿತು. ಮೂಳೆ ವೈದ್ಯರು ಆ ಪದಕ್ಕೆ ಹೆದರಬೇಡಿ ಎಂದರು. ನಲವತ್ತು ದಾಟಿದವರಲ್ಲಿ ನೋವೇ ಇಲ್ಲದ ಬಹಳ ಜನರ ಎಕ್ಸ್‌ರೇಯಲ್ಲೂ ಇಂಥ ಸವಕಳಿ ಕಾಣುತ್ತದೆ. ನರದ ಒತ್ತಡ ಸೌಮ್ಯವಾಗಿದೆ, ವ್ಯಾಯಾಮ ಮಾಡಿ, ಆರು ವಾರಕ್ಕೆ ಮತ್ತೆ ಬನ್ನಿ ಎಂದು ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಈಗ ಸರಸ್ವತಿಪುರಂ. ಎರಡು ಹಾಸಿಗೆ, ಕಿಟಕಿಯ ಸರಳಿಗೆ ಕಟ್ಟಿದ ಕೆಂಪು ಹಸಿರು ರಬ್ಬರ್ ಪಟ್ಟಿಗಳು, ಗೋಡೆಯಲ್ಲಿ ಪದವಿ ಪ್ರಮಾಣಪತ್ರ, ಅದರ ಪಕ್ಕದಲ್ಲಿ ನೋಂದಣಿ ಪತ್ರ ಮತ್ತು ದರದ ಪಟ್ಟಿ. ಫೋಟೋಗಳಿಲ್ಲ. ಕೇಂದ್ರ ನಡೆಸುವ ಫಿಸಿಯೋಥೆರಪಿಸ್ಟ್ ಮೇಡಂ ಮೊದಲ ದಿನ ಮೂವತ್ತು ನಿಮಿಷ ನನ್ನನ್ನು ಮುಟ್ಟಲಿಲ್ಲ. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಜ್ವರ ಬಂದಿತ್ತೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಬಿದ್ದು ಪೆಟ್ಟಾಗಿತ್ತೇ, ಸಕ್ಕರೆ ಕಾಯಿಲೆ ಇದೆಯೇ, ಮೂತ್ರದ ಹಿಡಿತ ಸರಿಯಿದೆಯೇ ಎಂದು ಕೇಳಿದರು. ಅಂಗಿಯ ಗುಂಡಿ ಹಾಕುವಾಗ ಬೆರಳುಗಳು ಮೊದಲಿನಂತೆ ಓಡುತ್ತವೆಯೇ ಎಂದೂ ಕೇಳಿದರು. ಇದೆಂಥ ಪ್ರಶ್ನೆ ಎಂದು ನನಗೆ ಒಳಗೇ ನಗು ಬಂತು. ಕತ್ತಿನಲ್ಲಿ ನರಕ್ಕಲ್ಲದೆ ಮಿದುಳುಬಳ್ಳಿಗೇ ಒತ್ತಡ ಬಿದ್ದಿದ್ದರೆ ಮೊದಲು ಎಡವುವುದು ಇಂಥ ಸಣ್ಣ ಕೆಲಸದಲ್ಲೇ, ಹಾಗಿದ್ದರೆ ವ್ಯಾಯಾಮವಲ್ಲ, ತಕ್ಷಣ ತಜ್ಞ ವೈದ್ಯರೇ ಬೇಕು ಎಂದು ಅವರೇ ವಿವರಿಸಿದರು. ಆಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿದರು, ಸಣ್ಣ ಸುತ್ತಿಗೆಯಿಂದ ಮೊಣಕೈ ಮೊಣಕಾಲು ತಟ್ಟಿದರು, ಎರಡೂ ಕೈಯ ಹಿಡಿತ ಹೋಲಿಸಿದರು. ಪ್ಲಾಸ್ಟಿಕ್ಕಿನ ಕೋನಮಾಪಕದಲ್ಲಿ ಕತ್ತು ಎಡಕ್ಕೆ 65 ಡಿಗ್ರಿ, ಬಲಕ್ಕೆ 48 ಡಿಗ್ರಿ ಎಂದು ಬರೆದುಕೊಂಡರು. ಅಂಗಾತ ಮಲಗಿ, ಗದ್ದ ಒಳಕ್ಕೆಳೆದು, ತಲೆಯನ್ನು ಹಾಸಿಗೆಯಿಂದ ಎರಡು ಬೆರಳಷ್ಟೇ ಎತ್ತಿ ಹಿಡಿಯಲು ಹೇಳಿದರು. ಒಂಬತ್ತನೆಯ ಸೆಕೆಂಡಿಗೆ ನನ್ನ ತಲೆ ನಡುಗಿ ಕೆಳಗೆ ಬಿತ್ತು. ಪ್ಯಾಕೇಜಿನವರ ಆ್ಯಪ್ ಹೇಳದ ಸಂಗತಿಯನ್ನು ಆ ಒಂಬತ್ತು ಸೆಕೆಂಡು ಹೇಳಿತು.

‘ಸರ್, ನಿಮ್ಮ ಬೆನ್ನು ನೆಟ್ಟಗಾಗುತ್ತೆ ಅಂತ ನಾನು ಹೇಳಲ್ಲ. ಸಂಜೆ ಆರರವರೆಗೂ ನೋವಿಲ್ಲದೆ ಕೆಲಸ ಮಾಡೋ ಹಾಗಾದರೆ ಸಾಕಾ?’ ಎಂದು ಕೇಳಿದರು. ಸಾಕು ಎಂದೆ. ಬೆನ್ನುಮೂಳೆ ನೆಟ್ಟಗಿನ ಕಂಬವಲ್ಲ ಎಂಬುದನ್ನು ಅವರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಾದರಿಯಲ್ಲಿ ತೋರಿಸಿದರು: ಕತ್ತಿನ 7 ಮೂಳೆಗಳ ಸಾಲು ಮುಂದಕ್ಕೆ ಬಾಗಿದೆ, ಎದೆಯ ಹಿಂದಿನ 12ರ ಸಾಲು ಹಿಂದಕ್ಕೆ ಉಬ್ಬಿದೆ, ಸೊಂಟದ 5 ಮತ್ತೆ ಮುಂದಕ್ಕೆ. ಈ ತಿರುವುಗಳು ಒಬ್ಬೊಬ್ಬರಲ್ಲಿ ಒಂದೊಂದು ಅಳತೆಯವು, ಎಲ್ಲರಿಗೂ ಹೊಂದುವ ಒಂದು ಸರಿಯಾದ ಭಂಗಿ ಎಂಬುದು ಇಲ್ಲ, ಬಾಗಿದವರಿಗೆಲ್ಲ ನೋವು ಇರುವುದಿಲ್ಲ, ನೆಟ್ಟಗಿರುವವರಿಗೆಲ್ಲ ನೋವು ತಪ್ಪುವುದಿಲ್ಲ. ತೊಂದರೆ ಕೊಡುವುದು ಬಹುಮಟ್ಟಿಗೆ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಅಲುಗದಿರುವುದು ಮತ್ತು ಹಿಡಿದು ನಿಲ್ಲಿಸುವ ಸ್ನಾಯುಗಳಲ್ಲಿ ತಾಳಿಕೆ ಇಲ್ಲದಿರುವುದು. ಕಳೆದ ಹತ್ತು ತಿಂಗಳಿನಿಂದ ‘ನೆಟ್ಟಗೆ ಕೂತ್ಕೊಳ್ಳಿ’ ಎಂಬ ಆಜ್ಞೆಯನ್ನು ಪಾಲಿಸಲು ಹೋಗಿ ಸೆಟೆದು ಕೂತಿದ್ದವನಿಗೆ ಈ ಮಾತು ಕೇಳಿಯೇ ಭುಜ ಎರಡು ಅಂಗುಲ ಇಳಿಯಿತು.

ಕಲಿಸಿದ್ದು ನಾಲ್ಕೇ ವ್ಯಾಯಾಮ. ಗದ್ದವನ್ನು ಮೇಲೆತ್ತದೆ ತಗ್ಗಿಸದೆ ನೇರ ಹಿಂದಕ್ಕೆಳೆದು ಐದು ಸೆಕೆಂಡು ಹಿಡಿಯುವುದು, ಹತ್ತು ಸಲ. ರಬ್ಬರ್ ಪಟ್ಟಿಯನ್ನು ಕಿಟಕಿಗೆ ಕಟ್ಟಿ ಮೊಣಕೈ ಹಿಂದಕ್ಕೆ ಹೋಗುವಂತೆ ಎಳೆಯುವುದು, ಹನ್ನೆರಡರ ಮೂರು ಸುತ್ತು. ಸುತ್ತಿದ ಟವೆಲ್ಲನ್ನು ಬೆನ್ನ ಮಧ್ಯಕ್ಕೆ ಅಡ್ಡ ಇಟ್ಟು ಅದರ ಮೇಲೆ ಮಲಗಿ ಕೈಗಳನ್ನು ತಲೆಯ ಹಿಂದಕ್ಕೆ ಚಾಚುವುದು. ಗೋಡೆಗೆ ಕೈ ಊರಿ ಮಾಡುವ ದಂಡ. ನಾಲ್ಕಕ್ಕೂ ಸೇರಿ ಹದಿನೈದು ನಿಮಿಷ, ವಾರಕ್ಕೆ ಐದು ದಿನ. ಉಳಿದಂತೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಚುರುಕು ನಡಿಗೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದರಲ್ಲೇ ಕೂಡಿಬಂತು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮಾರನೆಯ ಬೆಳಗ್ಗೆಗೆ ಅದು ಇಳಿದಿರಬೇಕು. ಜೋಮು ಬೆರಳಿನಿಂದ ಮೇಲಕ್ಕೆ ಸರಿದು ಕಡಿಮೆಯಾಗುತ್ತಿದ್ದರೆ ಒಳ್ಳೆಯ ಗುರುತು, ತೋಳಿನಿಂದ ಬೆರಳಿನ ಕಡೆಗೆ ಇಳಿಯುತ್ತಿದ್ದರೆ ನಿಲ್ಲಿಸಿ ಫೋನ್ ಮಾಡಬೇಕು ಎಂಬುದು ಅವರ ನಿಯಮ.

ಮೇಜಿನ ವಿಷಯದಲ್ಲಿ ಅವರು ಹೊಸ ಕುರ್ಚಿ ಕೊಳ್ಳಲು ಹೇಳಲಿಲ್ಲ; ಕೂತಿರುವ ನನ್ನ ಫೋಟೋ ತರಿಸಿಕೊಂಡು ನೋಡಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಬರಲಿ, ದೂರ ಒಂದು ತೋಳಿನಷ್ಟಿರಲಿ, ಕರಡಿನ ಹಾಳೆಯನ್ನು ಮಲಗಿಸದೆ ಪರದೆಯ ಪಕ್ಕ ನಿಲ್ಲಿಸಿ ಎಂದರು. ಮಾನಿಟರಿನ ಕೆಳಗೆ ಎ4 ಕಾಗದದ ಎರಡು ರೀಮು ಇಟ್ಟೆ, ಸರಿಯಾಗಿ ನಾಲ್ಕು ಅಂಗುಲ ಏರಿತು. ಮುದ್ರಣಾಲಯದಲ್ಲಿ ಕಾಗದ ಮುಗಿದಾಗಲೆಲ್ಲ ನಮ್ಮ ಹುಡುಗ ಅದರಲ್ಲೊಂದನ್ನು ಎಳೆದುಕೊಂಡು ಹೋಗುತ್ತಾನೆ, ಅಂದು ಸಂಜೆ ಯಾವ ರೀಮು ಹೋಯಿತೆಂದು ನೋಡುವ ಮೊದಲೇ ಕತ್ತು ನನಗೆ ವರದಿ ಕೊಡುತ್ತದೆ. ಮೂವತ್ತು ನಿಮಿಷಕ್ಕೊಮ್ಮೆ ಏಳಲು ಫೋನಿನಲ್ಲಿ ಗಂಟೆ ಇಟ್ಟದ್ದು ವಾರದೊಳಗೆ ಸಹೋದ್ಯೋಗಿಗಳಿಗೆ ಬೇಸರ ತಂದಿತು. ಈಗ ಸಣ್ಣ ಲೋಟದಲ್ಲಿ ನೀರು ಇಟ್ಟುಕೊಳ್ಳುತ್ತೇನೆ, ಖಾಲಿಯಾದಾಗ ಏಳಲೇಬೇಕು.

ಏಳನೆಯ ಭೇಟಿಯಲ್ಲಿ ಬಲಕ್ಕೆ ತಿರುಗುವ ಕೋನ 62 ಡಿಗ್ರಿಗೆ ಬಂದಿತ್ತು, ತಲೆ ಎತ್ತಿ ಹಿಡಿಯುವುದು 27 ಸೆಕೆಂಡಿಗೆ. ಜೋಮು ತಿಂಗಳಿಗೊಮ್ಮೆ ಬಂದರೆ ಬಂತು. ಮದುವೆಯ ಫೋಟೋದ ಪಕ್ಕದಲ್ಲಿಟ್ಟು ನೋಡಿದರೆ ಬೆನ್ನಿನ ಆಕಾರದಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ, ನಮ್ಮ ತಂದೆ ಈಗಲೂ ಅಲ್ಲೇ ನಿಂತಿದ್ದಾರೆ. ಮೇಡಂ ಹಾಳೆ ನೋಡಿ ‘ಇನ್ನು ಬರಬೇಡಿ ಸರ್, ಆರು ತಿಂಗಳಿಗೆ ಒಂದು ಸಲ ತೋರಿಸಿ ಸಾಕು’ ಎಂದರು. ಚಿಕಿತ್ಸೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿ, ಅಲ್ಲಿಗೆ ಬಂದಾಗ ಮುಗಿಸಿದವರು ನಾಲ್ಕರಲ್ಲಿ ಇವರೊಬ್ಬರೇ.

ಇವರ ಮೇಲೆ ನಂಬಿಕೆ ಪೂರ್ತಿ ಕೂತದ್ದು ನನ್ನ ಬೆನ್ನಿನಿಂದಲ್ಲ, ಮಂಡ್ಯದ ಅಕ್ಕನ ಮಗಳಿಂದ. ಹದಿಮೂರು ವರ್ಷದ ಹುಡುಗಿ, ಒಂದು ಭುಜ ಮೇಲೆ, ಒಂದು ಕೆಳಗೆ. ನಾನು ದುಡ್ಡು ಕಳೆದುಕೊಂಡ ಆ ಗಾಜಿನ ಬಾಗಿಲಿನ ಕೇಂದ್ರ ಫೋನಿನಲ್ಲಿ ಫೋಟೋ ನೋಡಿಯೇ 24 ಸಿಟ್ಟಿಂಗಿನಲ್ಲಿ ಸರಿಯಾಗುತ್ತದೆ ಎಂದಿತ್ತು. ಮೇಡಂ ಹುಡುಗಿಯನ್ನು ಕಾಲು ಜೋಡಿಸಿ ನಿಲ್ಲಿಸಿ, ಅಂಗೈ ಕೂಡಿಸಿ ಸೊಂಟದಿಂದ ಮುಂದಕ್ಕೆ ಬಾಗಿಸಿ, ಹಿಂದಿನಿಂದ ಬೆನ್ನಿನ ಎರಡು ಬದಿಗಳನ್ನು ಒಂದೇ ಮಟ್ಟದಲ್ಲಿ ನೋಡಿದರು. ಬಲಗಡೆಯ ಪಕ್ಕೆಲುಬು ಸ್ಪಷ್ಟವಾಗಿ ಎದ್ದಿತ್ತು. ತರಬೇತಿ ಶುರು ಮಾಡಲಿಲ್ಲ, ಅಂದೇ ಮೂಳೆ ವೈದ್ಯರಿಗೆ ಪತ್ರ ಬರೆದರು. ‘ಬ್ಯಾಗ್ ಹೊತ್ತೂ ಹೊತ್ತೂ ಹಿಂಗಾಯ್ತೇನೋ ಕಣೋ’ ಎಂದು ಅಕ್ಕ ಅಳುಮುಖ ಮಾಡಿಕೊಂಡಿದ್ದಳು. ಅದು ಸ್ಕೋಲಿಯೋಸಿಸ್, ಬೆನ್ನುಮೂಳೆ ಪಕ್ಕಕ್ಕೆ ತಿರುಚುತ್ತ ಬಾಗುವುದು. ಹತ್ತರಲ್ಲಿ ಎಂಟು ಮಂದಿಯಲ್ಲಿ ಕಾರಣ ತಿಳಿಯುವುದಿಲ್ಲ, ಬ್ಯಾಗಿನ ತೂಕದಿಂದಲೋ ಕೂರುವ ರೀತಿಯಿಂದಲೋ ಬರುವುದಲ್ಲ. ಬ್ಯಾಗಿನ ತೂಕಕ್ಕೆ ಕರ್ನಾಟಕ ಸರ್ಕಾರ 2019ರಲ್ಲಿ ಮಿತಿ ಹಾಕಿದ್ದು ಬೇರೆ ಕಾರಣಗಳಿಗೆ ಒಳ್ಳೆಯದೇ. ಎಕ್ಸ್‌ರೇಯಲ್ಲಿ ಬಾಗು 18 ಡಿಗ್ರಿ ಬಂತು. 10 ಡಿಗ್ರಿ ದಾಟಿದರೆ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬೆಳೆಯುವ ಮಕ್ಕಳಲ್ಲಿ 25 ಡಿಗ್ರಿ ಮುಟ್ಟಿದರೆ ಸಾಮಾನ್ಯವಾಗಿ ವೈದ್ಯರು ಅಳತೆ ತೆಗೆದು ಮಾಡಿಸುವ ಕವಚದ ಮಾತು ಬರುತ್ತದೆ, ಅದು ನಾನು ಕೊಂಡ ಬೆಲ್ಟಿನ ಜಾತಿಯದಲ್ಲ. ಸದ್ಯಕ್ಕೆ ಆರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ಪ್ಯಾಕೇಜಿನಲ್ಲಿ ಒಂದು ವರ್ಷ ಕಳೆದಿದ್ದರೆ ಹುಡುಗಿ ಎತ್ತರ ಬೆಳೆಯುವ ಮುಖ್ಯ ಅವಧಿ ಲೆಕ್ಕವಿಲ್ಲದೆ ಹೋಗುತ್ತಿತ್ತು.

ಹಾಗೆಯೇ ನಮ್ಮ ತಾಯಿಯ ಗೂನು. 74 ವರ್ಷ, ಎತ್ತರ ಕುಗ್ಗಿದ್ದಾರೆ. ಮೂಳೆ ಟೊಳ್ಳಾಗಿರುವ ವಯಸ್ಸಾದವರಲ್ಲಿ ಬೆನ್ನನ್ನು ಮುಂದಕ್ಕೆ ಮಡಚುವ ವ್ಯಾಯಾಮದಿಂದ ಬೆನ್ನುಮೂಳೆ ಕುಸಿಯುವ ಅಪಾಯ ಹೆಚ್ಚು ಎಂದು ಮೇಡಂ ಹೇಳಿ, ಮೂಳೆ ಸಾಂದ್ರತೆಯ ಪರೀಕ್ಷೆ ಆಗುವವರೆಗೆ ಪಶ್ಚಿಮೋತ್ತಾನಾಸನದಂಥವನ್ನು ಬೇಡವೆಂದರು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಶೀರ್ಷಾಸನವೂ ಬೇಡ, ತಲೆಕೆಳಗಾದಾಗ ಕಣ್ಣಿನ ಒತ್ತಡ ಏರುತ್ತದೆ. ಒಂದೇ ತರಗತಿಯಲ್ಲಿ ನಲವತ್ತು ಜನರಿಗೆ ಒಂದೇ ಪಟ್ಟಿ ಓದುವವರು ಇದನ್ನೆಲ್ಲ ಕೇಳಿ ತಿಳಿಯುವುದು ಹೇಗೆ?

ಯಾವ ಕೇಂದ್ರಕ್ಕೇ ಆಗಲಿ, ಸೇರುವ ಮುನ್ನ ನೋಂದಣಿ ಪತ್ರ, ಪದವಿ ಪತ್ರ ಇವೆಯೇ ಎಂದು ನಾನು ಈಗ ಗೋಡೆ ನೋಡುತ್ತೇನೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಎನ್ನುವುದು, ಫಿಸಿಯೋಥೆರಪಿ ಕೇಂದ್ರಗಳಿಗೂ ಅನ್ವಯಿಸುತ್ತದೆ. ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಫಿಸಿಯೋಥೆರಪಿ ಪದವಿ ಎಂದರೆ, ಇದುವರೆಗೆ ಓದಿ ಬಂದವರಲ್ಲಿ ಹೆಚ್ಚಿನವರಿಗೆ, ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ‘ಪೋಶ್ಚರ್ ಎಕ್ಸ್‌ಪರ್ಟ್’ ಎಂದು ಬೋರ್ಡಿನ ಮೇಲೆ ಬರೆಸಲು ಬೋರ್ಡು ಬರೆಯುವವನಿಗೆ ಕೊಡುವ ಹಣ ಸಾಕು. ಯಾವ ಪದವಿ, ಎಲ್ಲಿ ಓದಿದ್ದು ಎಂದು ಕೇಳಿದರೆ ಓದಿದವರು ಕೋಪಿಸಿಕೊಳ್ಳುವುದಿಲ್ಲ ಎಂಬುದನ್ನು ಎರಡೂ ಕಡೆ ಕೇಳಿ ಕಂಡುಕೊಂಡಿದ್ದೇನೆ.

ಸರಸ್ವತಿಪುರಂ ಕೇಂದ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಸಂಜೆ ಸಮಯ ಕೊಟ್ಟ ಮೇಲೂ ಮುಕ್ಕಾಲು ಗಂಟೆ ಕಾಯಬೇಕು. ಕಾಯುವವರಿಗೆ ಇಟ್ಟಿರುವ ಸೋಫಾ ಸ್ಪ್ರಿಂಗು ಸತ್ತು ಗುಂಡಿ ಬಿದ್ದಿದೆ, ಬೆನ್ನುನೋವಿನವರು ಅದರಿಂದ ಏಳುವುದನ್ನು ನೋಡಲಾಗುವುದಿಲ್ಲ. ಹೇಳಿದ್ದಕ್ಕೆ ‘ಮನೆ ಓನರ್‌ದು ಸರ್, ತೆಗೆಯೋ ಹಾಗಿಲ್ಲ’ ಎಂದರು. ಮೆಟ್ಟಿಲು ಮೂರು, ಹಿಡಿಕೆ ಇಲ್ಲ. ರಸೀದಿ ಕೇಳಿದರಷ್ಟೇ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಅವರು ಮನೆಗೆ ಕೊಡುವ ವ್ಯಾಯಾಮದ ಹಾಳೆಯಲ್ಲಿತ್ತು. ಕನ್ನಡದಲ್ಲೇ ಇದೆ ಎಂದು ಮೆಚ್ಚಿಕೊಂಡು ಓದತೊಡಗಿದರೆ, ಎರಡನೆಯ ಸಾಲಿನಲ್ಲಿ ‘ಭುಜವನ್ನು’ ಎಂಬುದು ‘ಭೋಜನವನ್ನು ಹಿಂದಕ್ಕೆ ಎಳೆಯಿರಿ’ ಎಂದಾಗಿತ್ತು. ಅದನ್ನು ಬಿಡಬಹುದಿತ್ತು. ಐದನೆಯ ಸಾಲಿನಲ್ಲಿ ‘ಉಸಿರು ಕಟ್ಟಬೇಡಿ’ ಎಂದು ಇರಬೇಕಾದಲ್ಲಿ ‘ಉಸಿರು ಕಟ್ಟಿಬಿಡಿ’ ಎಂದು ಅಚ್ಚಾಗಿತ್ತು; ಬಲ ಹಾಕುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಆ ಹಾಳೆ ಹಿಡಿದು ಹೋಗುವವರಲ್ಲಿ ಅರ್ಧ ಜನ ಅರವತ್ತು ದಾಟಿದವರು. ಮೇಡಂಗೆ ತೋರಿಸಿದಾಗ ತಲೆಯ ಮೇಲೆ ಕೈ ಇಟ್ಟುಕೊಂಡರು. ಅಂದು ರಾತ್ರಿಯೇ ಇಡೀ ಹಾಳೆಯನ್ನು ತಿದ್ದಿ, ಅಕ್ಷರ ದೊಡ್ಡದು ಮಾಡಿ, ಇನ್ನೂರು ಪ್ರತಿ ತೆಗೆದುಕೊಟ್ಟೆ. ತಿಳಿ ಹಸಿರು ಕಾಗದದ್ದು ಹೊಸದು. ಬಿಳಿ ಕಾಗದದ ಹಳೆಯ ಹಾಳೆ ಯಾರ ಮನೆಯ ಫ್ರಿಜ್ಜಿನ ಮೇಲೆ ಇನ್ನೂ ಅಂಟಿಕೊಂಡಿದೆಯೋ, ಅವರು ಐದನೆಯ ಸಾಲನ್ನು ಪೆನ್ನಿನಲ್ಲಿ ತಿದ್ದಿಕೊಳ್ಳಬೇಕು.